ಮೇಯರ್ ಕುರ್ಚಿ ಖಾಲಿಯಾದಾಗ: ಮೈಸೂರು, ಮಂಡ್ಯದ ನಾಗರಿಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಜಂಬೂ ಸವಾರಿಯ ದಿನ ಮೈಸೂರಿನ ಮೇಯರ್ ಕುದುರೆ ಏರಿ ಮೆರವಣಿಗೆಯಲ್ಲಿ ಸಾಗುವುದು ಸಂಪ್ರದಾಯ. ದಸರೆ ಹತ್ತಿರವಾದಂತೆ ಹೊಸ ಮೇಯರ್ ಕುದುರೆ ಸವಾರಿ ಕಲಿಯುತ್ತಿರುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿತ್ತು, ಊರು ಅದನ್ನು ನೋಡಿ ನಗುತ್ತಿತ್ತು. 2024ರ ದಸರೆಗೆ ಕುದುರೆ ಏರಲು ಮೇಯರ್ ಇರಲಿಲ್ಲ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿದಿತ್ತು.

ಉತ್ತರಾಧಿಕಾರದ ತಕರಾರು ಈ ಊರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ಸ್ವೀಕರಿಸಿದಾಗ ಅದನ್ನು ಬ್ರಿಟಿಷರು ಒಪ್ಪುತ್ತಾರೋ ಇಲ್ಲವೋ ಎಂದು ಇಡೀ ಸಂಸ್ಥಾನ ಕಾದಿತ್ತು. ರಾಜ್ಯ ಮರಳಿ ಅರಸರ ಕೈಸೇರಿದ್ದು 1881ರಲ್ಲಿ. ಅರಮನೆಯಲ್ಲಿ ಪ್ರಶ್ನೆ ಇದ್ದದ್ದು ‘ಮಗ ಯಾರು’ ಎಂದು. ಪಾಲಿಕೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ. ಉಪಮೇಯರ್ ಮೇಯರ್‌ಗೆ ವಾರಸುದಾರರಲ್ಲ, ಹಿರಿಯ ಸದಸ್ಯರೂ ಅಲ್ಲ, ಪಕ್ಷದ ಅಧ್ಯಕ್ಷರು ಹೆಸರಿಸಿದವರೂ ಅಲ್ಲ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ. ಈ ಮಾರ್ಗದರ್ಶಿ ವಾರ್ಡಿನ ನಾಗರಿಕರಿಗೆ, ಹೊಸದಾಗಿ ಗೆದ್ದ ಸದಸ್ಯರಿಗೆ ಮತ್ತು ಮೊದಲ ಸಲ ಕೌನ್ಸಿಲ್ ಸಭೆಯ ವರದಿಗೆ ಹೋಗುವ ಪತ್ರಕರ್ತರಿಗೆ.

ಮೊದಲ ಹೆಜ್ಜೆ: ಯಾವ ಕಾಯ್ದೆ?

ಮೈಸೂರಿನದು ಮಹಾನಗರ ಪಾಲಿಕೆ. ಅದಕ್ಕೆ ಅನ್ವಯಿಸುವುದು 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ. ಮಂಡ್ಯದ್ದು ನಗರಸಭೆ, ಅದಕ್ಕೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆ. ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ. ಮೈಸೂರಿನಲ್ಲಿ ಮೇಯರ್, ಉಪಮೇಯರ್. ಮಂಡ್ಯದಲ್ಲಿ ಅಧ್ಯಕ್ಷ, ಉಪಾಧ್ಯಕ್ಷ. 2018ರಲ್ಲಿ ಆಯ್ಕೆಯಾದ ಪಾಲಿಕೆ, ನಗರಸಭೆಯ ಸದನಗಳು (ಕೌನ್ಸಿಲ್‌ಗಳು) ನಡೆದ ಕ್ರಮದಲ್ಲಿ ಮೇಯರ್ ಅವಧಿ ಒಂದು ವರ್ಷ, ನಗರಸಭೆ ಅಧ್ಯಕ್ಷರದ್ದು 30 ತಿಂಗಳು. ಬೆಂಗಳೂರಿನ ಕಾನೂನೇ ಬೇರೆ, ಅಲ್ಲಿನ ಸುದ್ದಿ ಓದಿ ಇಲ್ಲಿಗೆ ಅನ್ವಯಿಸಬೇಡಿ. ಅವಧಿಯನ್ನು ತಿದ್ದುಪಡಿಯ ಮೂಲಕ ಬದಲಿಸಲು ಶಾಸನಸಭೆಗೆ ಅಧಿಕಾರವಿದೆ. ಹಾಗಾಗಿ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಿಂದ ಕಾಯ್ದೆಯ ಇತ್ತೀಚಿನ ಪ್ರತಿ ಇಳಿಸಿಕೊಂಡು, ಕೊನೆಯ ತಿದ್ದುಪಡಿಯ ವರ್ಷವನ್ನು ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಹಳೆಯ ಪ್ರತಿ ಹಿಡಿದು ಗಟ್ಟಿಯಾಗಿ ವಾದಿಸುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಎರಡನೆಯ ಹೆಜ್ಜೆ: ಕುರ್ಚಿ ಖಾಲಿಯಾದದ್ದು ಹೇಗೆ, ಯಾವ ದಿನ?

ಅವಧಿ ಮುಗಿಯುವುದು, ರಾಜೀನಾಮೆ, ಸಾವು, ಸದಸ್ಯತ್ವ ರದ್ದು, ಅವಿಶ್ವಾಸ: ಇವು ಐದೂ ಬೇರೆ ಬೇರೆ ದಾರಿಗಳು. ಮುಂದಿನ ಕ್ರಮ ನಿಂತಿರುವುದು ದಾರಿಯ ಮೇಲೆ.

ರಾಜೀನಾಮೆಯಲ್ಲೇ ಹೆಚ್ಚು ಗೊಂದಲ. ನಮ್ಮ ಕಡೆ ಒಪ್ಪಂದದ ಪದ್ಧತಿ ಇದೆ: ಮೊದಲ ಇಷ್ಟು ತಿಂಗಳು ನೀನು, ಆಮೇಲೆ ನಾನು. ಒಪ್ಪಂದದ ದಿನ ಬಂದಾಗ ಕುರ್ಚಿಯಲ್ಲಿರುವವರಿಗೆ ಏಳಲು ಮನಸ್ಸಾಗುವುದಿಲ್ಲ. ದೇವರ ಮುಂದೆ ಆಣೆ ಮಾಡಿಸಿದ್ದೇವೆ, ದಿನಾಂಕ ಹಾಕದ ಪತ್ರ ಬರೆಸಿಕೊಂಡಿದ್ದೇವೆ ಎಂದು ಪಕ್ಷದವರು ಹೇಳುತ್ತಾರೆ. ಕಾನೂನಿನ ಕಣ್ಣಿಗೆ ಆ ಆಣೆ ಕಾಣುವುದಿಲ್ಲ. ಪಕ್ಷದ ನಾಯಕರ ಜೇಬಿನಲ್ಲಿರುವ ಪತ್ರ ರಾಜೀನಾಮೆಯಾಗುವುದಿಲ್ಲ. ಕಾಯ್ದೆ ಹೇಳಿದ ಅಧಿಕಾರಿಯ ಕೈಗೆ ತಲುಪಿ ಸ್ವೀಕೃತಿಯಾದದ್ದಷ್ಟೇ ರಾಜೀನಾಮೆ. ನಗರಸಭೆ ಅಧ್ಯಕ್ಷರ ಪತ್ರ ಹೋಗಬೇಕಾದದ್ದು ಜಿಲ್ಲಾಧಿಕಾರಿಗೆ. ಆದ್ದರಿಂದ ‘ರಾಜೀನಾಮೆ ಕೊಟ್ಟರಂತೆ’ ಎಂಬ ಸುದ್ದಿ ಬಂದಾಗ ಮೂರು ಸಂಗತಿ ವಿಚಾರಿಸಿ: ಯಾರಿಗೆ ಕೊಟ್ಟರು, ಸ್ವೀಕೃತಿ ದಿನಾಂಕ ಯಾವುದು, ಅದು ಜಾರಿಗೆ ಬರುವ ಮೊದಲು ಹಿಂಪಡೆದರೇ.

ಸದಸ್ಯತ್ವ ರದ್ದಾಗುವುದು ಅಪರೂಪ, ಆದರೆ ಮೈಸೂರು ಅದನ್ನು ಕಂಡಿದೆ. 2021ರ ಫೆಬ್ರುವರಿ 24ರಂದು ಜೆಡಿಎಸ್‌ನ ರುಕ್ಮಿಣಿ ಮಾದೇಗೌಡ ಮೇಯರ್ ಆದರು. ಪಾಲಿಕೆ ಚುನಾವಣೆಯ ವೇಳೆ ಸಲ್ಲಿಸಿದ ಆಸ್ತಿ ವಿವರದ ಕುರಿತ ಪ್ರಕರಣದಲ್ಲಿ ಮೇ ತಿಂಗಳಲ್ಲಿ ಹೈಕೋರ್ಟ್ ಅವರ ವಿರುದ್ಧ ತೀರ್ಪು ನೀಡಿತು. ಸದಸ್ಯತ್ವ ಹೋಯಿತು, ಅದರೊಂದಿಗೆ ಮೇಯರ್ ಪಟ್ಟವೂ ಹೋಯಿತು. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಮೇಯರ್ ಸ್ಥಾನ ನಿಂತಿರುವುದು ಸದಸ್ಯತ್ವದ ಮೇಲೆ, ಸದಸ್ಯತ್ವ ನಿಂತಿರುವುದು ನಾಮಪತ್ರದ ಜೊತೆಗಿನ ಪ್ರಮಾಣಪತ್ರದ ಮೇಲೆ. ಕುರ್ಚಿಯ ಗಟ್ಟಿತನ ಅಳೆಯಬೇಕಾದರೆ ಆ ಹಳೆಯ ಕಾಗದದಿಂದ ಶುರುಮಾಡಿ.

ಮೂರನೆಯ ಹೆಜ್ಜೆ: ಹಂಗಾಮಿ ಯಾರು, ಎಷ್ಟು ದಿನ?

ಮೇಯರ್ ಇಲ್ಲದಾಗ ಅವರ ಕೆಲಸ ನೋಡುವವರು ಉಪಮೇಯರ್, ನಗರಸಭೆಯಲ್ಲಿ ಉಪಾಧ್ಯಕ್ಷರು. 2021ರಲ್ಲಿ ಉಪಮೇಯರ್ ಆಗಿದ್ದ ಕಾಂಗ್ರೆಸ್‌ನ ಅನ್ವರ್ ಬೇಗ್ ಹಂಗಾಮಿ ಮೇಯರ್ ಆದರು, ಆಗಸ್ಟ್ 25ರ ಚುನಾವಣೆಯವರೆಗೆ ಆ ಹೊಣೆ ಹೊತ್ತರು. ಹಂಗಾಮಿ ಎಂದರೆ ಬಾಗಿಲು ಕಾಯುವ ಕೆಲಸ, ಮನೆ ಬರೆಸಿಕೊಳ್ಳುವ ಕೆಲಸವಲ್ಲ. ಮೇಯರ್ ಸ್ಥಾನ ಯಾವ ವರ್ಗಕ್ಕೆ ಮೀಸಲೋ ಆ ವರ್ಗಕ್ಕೆ ಸೇರದ ಉಪಮೇಯರ್ ಕೂಡ ಹಂಗಾಮಿಯಾಗಿ ಕೂರಬಹುದು, ಏಕೆಂದರೆ ಆ ಕುರ್ಚಿಗೆ ಅವರು ಆಯ್ಕೆಯಾದವರಲ್ಲ. ಇದನ್ನೇ ನೆಪ ಮಾಡಿಕೊಂಡು ತಕರಾರು ತೆಗೆಯುವವರಿಗೆ ಉತ್ತರ ಇಷ್ಟೇ.

ಮಧ್ಯದಲ್ಲಿ ತೆರವಾದ ಸ್ಥಾನಕ್ಕೆ ಬಂದವರಿಗೆ ಸಿಗುವುದು ಬಾಕಿ ಉಳಿದ ಅವಧಿ. ಆದರೆ ಕಾಯ್ದೆಯ ‘ಒಂದು ವರ್ಷ’ಕ್ಕೂ ಗೋಡೆಯ ಮೇಲಿನ ಕ್ಯಾಲೆಂಡರಿಗೂ ನಮ್ಮಲ್ಲಿ ಹೊಂದಾಣಿಕೆ ಕಡಿಮೆ. ಕಳೆದ ಸದನದ ಲೆಕ್ಕ ನೋಡಿ. ಪುಷ್ಪಲತಾ ಜಗನ್ನಾಥ್ 2018ರ ನವೆಂಬರ್ 17ರಂದು ಆಯ್ಕೆಯಾದರು. ಮುಂದಿನ ಚುನಾವಣೆ ನಡೆದು ತಸ್ನೀಂ ಮೇಯರ್ ಆದದ್ದು 2020ರ ಜನವರಿ 18ರಂದು, ಅಂದರೆ 14 ತಿಂಗಳಿಗೆ. ಅಲ್ಲಿಂದ ರುಕ್ಮಿಣಿ ಅವರ ಆಯ್ಕೆಗೆ 13 ತಿಂಗಳು. 2021ರ ಆಗಸ್ಟ್‌ನಲ್ಲಿ ಬಿಜೆಪಿಯ ಸುನಂದಾ ಪಾಲನೇತ್ರ ಬಂದರು. ಬಾಕಿ ಅವಧಿ ಫೆಬ್ರುವರಿಗೆ ಮುಗಿಯಬೇಕಿತ್ತು, ಆದರೆ ಶಿವಕುಮಾರ್ ಆಯ್ಕೆಯಾದದ್ದು 2022ರ ಸೆಪ್ಟೆಂಬರ್ 6ರಂದು. ಹೊಸಬರ ಆಯ್ಕೆಯಾಗುವವರೆಗೆ ಹಳಬರು ಮುಂದುವರಿಯುವುದು ವ್ಯವಸ್ಥೆಯ ಒಳಗೇ ಇರುವ ಸಂಗತಿ. ಹಾಗಾಗಿ ‘ಅವಧಿ ಮುಗಿದರೂ ಕುರ್ಚಿ ಬಿಟ್ಟಿಲ್ಲ’ ಎಂದು ಮೇಯರ್ ವಿರುದ್ಧ ಕೂಗುವ ಮೊದಲು, ಚುನಾವಣೆಯ ದಿನಾಂಕ ಗೊತ್ತುಮಾಡದೆ ಕುಳಿತವರು ಯಾರು ಎಂದು ಕೇಳಿ. ಬಹಳ ಸಲ ಉತ್ತರ ಮುಂದಿನ ಹೆಜ್ಜೆಯಲ್ಲಿ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಮೀಸಲಾತಿ ಪಟ್ಟಿ

ನನ್ನ ಮಟ್ಟಿಗೆ ನಗರಾಡಳಿತದ ನಾಯಕತ್ವದ ಜಗಳಗಳ ಬೇರು ಇಲ್ಲಿದೆ. ಉಳಿದದ್ದೆಲ್ಲ ರೆಂಬೆ ಕೊಂಬೆ. ಮೇಯರ್, ಅಧ್ಯಕ್ಷ ಸ್ಥಾನಗಳ ಮೀಸಲಾತಿಯನ್ನು ರಾಜ್ಯದ ನಗರಾಭಿವೃದ್ಧಿ ಇಲಾಖೆ ಸರದಿಯ ಮೇಲೆ ಗೊತ್ತುಪಡಿಸಿ ರಾಜ್ಯಪತ್ರದಲ್ಲಿ ಪ್ರಕಟಿಸುತ್ತದೆ. ಪಟ್ಟಿ ಬರದೆ ಚುನಾವಣೆ ಇಲ್ಲ. ಪಟ್ಟಿ ಬಂದರೆ ಯಾರೋ ಒಬ್ಬರು ಹೈಕೋರ್ಟ್ ಮೆಟ್ಟಿಲೇರುತ್ತಾರೆ, ಹಿಂದಿನ ಸಲವೂ ಇದೇ ವರ್ಗ ಇತ್ತು, ಸರದಿ ತಪ್ಪಿದೆ ಎಂದು.

ಇದರ ಬೆಲೆ ಎಷ್ಟೆಂಬುದನ್ನು ಮಂಡ್ಯದವರನ್ನು ಕೇಳಬೇಕು. 2018ರ ಆಗಸ್ಟ್ 31ರಂದು ನಗರಸಭೆಯ 35 ವಾರ್ಡುಗಳಿಗೆ ಮತದಾನವಾಯಿತು. ಜೆಡಿಎಸ್ 18, ಕಾಂಗ್ರೆಸ್ 10, ಬಿಜೆಪಿ 2, ಪಕ್ಷೇತರರು 5. ಸ್ಪಷ್ಟ ಬಹುಮತ. ಆದರೂ ಮೀಸಲಾತಿ ವ್ಯಾಜ್ಯದಿಂದಾಗಿ ಅಧ್ಯಕ್ಷರ ಆಯ್ಕೆ ನಡೆದದ್ದು 2020ರ ನವೆಂಬರ್‌ನಲ್ಲಿ. ಗೆದ್ದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಅಧಿಕಾರವಿಲ್ಲದ ಸದಸ್ಯರಾಗಿ ತಿರುಗಾಡಿದರು. ಚರಂಡಿ ಕಟ್ಟಿದೆ ಎಂದು ಮನೆಗೆ ಬಂದವರಿಗೆ ‘ನಾನೇನೂ ಮಾಡುವಂತಿಲ್ಲ’ ಎನ್ನುವುದೇ ಕೆಲಸವಾಯಿತು. ಮೊದಲ 30 ತಿಂಗಳು ಕಳೆದ ಮೇಲೆ ಎರಡನೆಯ ಅವಧಿಯ ಪಟ್ಟಿಗೆ ಮತ್ತೆ ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಸಂವಿಧಾನದ 243-ಯು ವಿಧಿ ಐದು ವರ್ಷವನ್ನು ಎಣಿಸುವುದು ಸದನದ ಮೊದಲ ಸಭೆಯಿಂದ. ಅಧ್ಯಕ್ಷರಿಲ್ಲದೆ ಕಳೆದ ನಡುವಿನ ತಿಂಗಳುಗಳನ್ನು ಯಾರೂ ಮರಳಿ ಕೊಡುವುದಿಲ್ಲ.

ಪಟ್ಟಿ ಕೈಗೆ ಬಂದಾಗ ಹೀಗೆ ನೋಡಿ. ನಿಮ್ಮ ಊರಿಗೆ ಯಾವ ವರ್ಗ ಬಂದಿದೆ ಎಂಬುದರ ಜೊತೆಗೆ ಹಿಂದಿನ ಅವಧಿಗಳಲ್ಲಿ ಯಾವುದಿತ್ತು ಎಂಬ ಪಟ್ಟಿ ಮಾಡಿ. ಆಮೇಲೆ ಸದನದಲ್ಲಿ ಆ ವರ್ಗದ ಸದಸ್ಯರು ಎಷ್ಟು ಮಂದಿ, ಯಾವ ಪಕ್ಷದವರು ಎಂದು ಎಣಿಸಿ. ಬಹುಮತ ಒಂದು ಪಕ್ಷಕ್ಕೆ ಇದ್ದು, ಮೀಸಲು ವರ್ಗದ ಸದಸ್ಯರು ಎದುರು ಪಕ್ಷದಲ್ಲಿ ಮಾತ್ರ ಇದ್ದರೆ ಕತೆ ಅಲ್ಲಿಗೇ ತಿರುವು ಪಡೆಯುತ್ತದೆ. ಇನ್ನೊಂದು ಮಾತು: ‘ಸಾಮಾನ್ಯ’ ಎಂದು ಪ್ರಕಟವಾದ ಸ್ಥಾನಕ್ಕೆ ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು ಎಲ್ಲರೂ ಸ್ಪರ್ಧಿಸಬಹುದು. ಅದನ್ನು ಮೇಲ್ಜಾತಿಯ ಗಂಡಸರಿಗೆ ಮೀಸಲು ಎಂಬಂತೆ ಮಾತನಾಡುವ ರೂಢಿ ಇನ್ನೂ ಹೋಗಿಲ್ಲ.

ಐದನೆಯ ಹೆಜ್ಜೆ: ತಲೆ ಎಣಿಸಿ

ಮತ ಹಾಕುವವರು ವಾರ್ಡುಗಳಿಂದ ಗೆದ್ದವರು ಮಾತ್ರವಲ್ಲ. ಆ ವ್ಯಾಪ್ತಿಯ ಶಾಸಕರು, ಸಂಸದರು, ಅಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ವಿಧಾನ ಪರಿಷತ್ ಮತ್ತು ರಾಜ್ಯಸಭಾ ಸದಸ್ಯರೂ ಇದ್ದಾರೆ. ಸರ್ಕಾರ ನಾಮನಿರ್ದೇಶನ ಮಾಡಿದವರು ಸಭೆಯಲ್ಲಿ ಕೂರಬಹುದು, ಮಾತನಾಡಬಹುದು, ಮತ ಹಾಕುವಂತಿಲ್ಲ. ಪರಿಷತ್ ಸದಸ್ಯರ ವಿಳಾಸ ಚುನಾವಣೆಗೆ ಮುಂಚೆ ಒಂದೂರಿನಿಂದ ಇನ್ನೊಂದೂರಿಗೆ ಹಾರಿದೆಯೇ ಎಂದು ಮತದಾರರ ಪಟ್ಟಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಈ ಮತಗಳು ಅಲಂಕಾರಕ್ಕಲ್ಲ. 2024ರ ಆಗಸ್ಟ್‌ನಲ್ಲಿ ಮಂಡ್ಯ ನಗರಸಭೆಯ ಎರಡನೆಯ ಅವಧಿಗೆ ಚುನಾವಣೆ ನಡೆದಾಗ 35 ಸದಸ್ಯರ ಜೊತೆ ಸಂಸದರು, ಶಾಸಕರು ಸೇರಿ 37 ಮತಗಳಾದವು. ಕೇಂದ್ರ ಸಚಿವರೂ ಆಗಿದ್ದ ಸಂಸದ ಎಚ್.ಡಿ. ಕುಮಾರಸ್ವಾಮಿ ಖುದ್ದಾಗಿ ಬಂದು ಕೈ ಎತ್ತಿದರು. ಜೆಡಿಎಸ್–ಬಿಜೆಪಿ ಮೈತ್ರಿಯ ಅಭ್ಯರ್ಥಿಗೆ 19, ಕಾಂಗ್ರೆಸ್ ಅಭ್ಯರ್ಥಿಗೆ 18. ಆರು ವರ್ಷದ ಹಿಂದೆ ಒಂದೇ ಪಕ್ಷ 18 ಸ್ಥಾನ ಗೆದ್ದ ಸದನದಲ್ಲಿ ಅಧಿಕಾರ ಉಳಿದದ್ದು ಒಂದೇ ಮತದಿಂದ.

ಮೈಸೂರಿನದು ಇನ್ನೊಂದು ಪಾಠ. 65 ವಾರ್ಡುಗಳಲ್ಲಿ ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18. ಬಿಎಸ್‌ಪಿ ಒಂದು, ಪಕ್ಷೇತರರು 5. ಯಾರಿಗೂ ಅರ್ಧ ಇಲ್ಲ. ಕಾಂಗ್ರೆಸ್, ಜೆಡಿಎಸ್ ಜೊತೆಗೂಡಿದಷ್ಟು ದಿನ ದೊಡ್ಡ ಪಕ್ಷ ಹೊರಗಿತ್ತು. 2021ರ ಆಗಸ್ಟ್‌ನಲ್ಲಿ ಇಬ್ಬರೂ ಕೈ ಕೂಡಿಸಲಿಲ್ಲ. ಬಿಜೆಪಿ ಮೈಸೂರಿನಲ್ಲಿ ಮೊದಲ ಬಾರಿಗೆ ಮೇಯರ್ ಸ್ಥಾನ ಪಡೆಯಿತು, ಅದೂ ಸದನದ ಅರ್ಧದ ಹತ್ತಿರಕ್ಕೂ ಬಾರದ ಮತಗಳಿಂದ. ತಟಸ್ಥರಾಗಿ ಕುಳಿತವರೂ ಒಬ್ಬರನ್ನು ಗೆಲ್ಲಿಸಿಯೇ ಏಳುತ್ತಾರೆ.

ಆರನೆಯ ಹೆಜ್ಜೆ: ಚುನಾವಣೆಯ ದಿನ

ಮೈಸೂರಿನಲ್ಲಿ ಈ ಸಭೆ ನಡೆಸುವವರು ಪ್ರಾದೇಶಿಕ ಆಯುಕ್ತರು, ಪಾಲಿಕೆ ಆಯುಕ್ತರಲ್ಲ. ಮಂಡ್ಯದಂಥ ನಗರಸಭೆಗಳಲ್ಲಿ ಸಾಮಾನ್ಯವಾಗಿ ಉಪವಿಭಾಗಾಧಿಕಾರಿ. ಬೆಳಿಗ್ಗೆ ನಾಮಪತ್ರ, ಆಮೇಲೆ ಪರಿಶೀಲನೆ, ಹಿಂಪಡೆಯಲು ಸಮಯ, ಕೊನೆಗೆ ಕೈ ಎತ್ತುವ ಮೂಲಕ ಮತದಾನ. ಗುಪ್ತ ಮತವಿಲ್ಲ, ರೆಸಾರ್ಟಿನಿಂದ ಬಸ್ಸಿನಲ್ಲಿ ಬಂದವರು ಎಲ್ಲರ ಕಣ್ಣೆದುರಿಗೇ ಕೈ ಎತ್ತಬೇಕು. ಮತಗಳು ಸಮವಾದರೆ ಚೀಟಿ ಎತ್ತುವುದು.

ಅಭ್ಯರ್ಥಿಗಳು ಮರೆಯಬಾರದ ಒಂದು ಕಾಗದವಿದೆ: ಜಾತಿ ಪ್ರಮಾಣಪತ್ರ. 2022ರ ಸೆಪ್ಟೆಂಬರ್ 6ರಂದು ಬಿಜೆಪಿ, ಜೆಡಿಎಸ್ ನಡುವೆ ಹೊಂದಾಣಿಕೆಯಾಗಿ ಉಪಮೇಯರ್ ಸ್ಥಾನ ಜೆಡಿಎಸ್‌ಗೆ ಎಂದಿತ್ತು. ಮೀಸಲು ವರ್ಗದ ಪ್ರಮಾಣಪತ್ರ ಇಲ್ಲವೆಂದು ಆ ಪಕ್ಷದ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಯಿತು, ಉಪಮೇಯರ್ ಸ್ಥಾನವೂ ಬಿಜೆಪಿಗೇ ಹೋಯಿತು. ತಿಂಗಳುಗಟ್ಟಲೆ ನಡೆದ ಮಾತುಕತೆ ಒಂದು ಹಾಳೆಗೆ ಸೋತಿತು. ಪ್ರತಿಗಳನ್ನು ಹಿಂದಿನ ದಿನವೇ ಎರಡೆರಡು ಸಲ ಪರೀಕ್ಷಿಸಿ, ಸೂಚಕರು ಮತ್ತು ಅನುಮೋದಕರ ಸಹಿಯನ್ನೂ ನೋಡಿ.

ಏಳನೆಯ ಹೆಜ್ಜೆ: ಅವಿಶ್ವಾಸದ ಲೆಕ್ಕ

ಒಂದು ವರ್ಷದ ಮೇಯರ್ ವಿಷಯದಲ್ಲಿ ವಿರೋಧಿಗಳು ಮುಂದಿನ ಚುನಾವಣೆಗೆ ಕಾಯುವುದೇ ಹೆಚ್ಚು. 30 ತಿಂಗಳ ಅಧ್ಯಕ್ಷರಿರುವ ನಗರಸಭೆಯಲ್ಲಿ ಅವಿಶ್ವಾಸವೇ ಆಯುಧ. 1964ರ ಕಾಯ್ದೆಯ 42ನೆಯ ಪ್ರಕರಣ (ಸೆಕ್ಷನ್) ತೆರೆದು ಓದಿ. ನೋಟಿಸಿಗೆ ಒಟ್ಟು ಸದಸ್ಯರ ಮೂರನೇ ಒಂದರಷ್ಟು ಮಂದಿಯ ಸಹಿ ಬೇಕು. ನಿರ್ಣಯ ಅಂಗೀಕಾರವಾಗಲು ಮೂರನೇ ಎರಡರಷ್ಟು ಬೇಕು. ಹಾಜರಿದ್ದವರಲ್ಲಿ ಮೂರನೇ ಎರಡಲ್ಲ, ಒಟ್ಟು ಸದಸ್ಯರಲ್ಲಿ.

ತಕರಾರು ಹುಟ್ಟುವುದು ‘ಒಟ್ಟು’ ಎಂಬ ಪದದಲ್ಲಿ. ಮಂಡ್ಯದ ಸಂಖ್ಯೆಯನ್ನೇ ತೆಗೆದುಕೊಳ್ಳೋಣ. 35ರ ಮೂರನೇ ಒಂದೆಂದರೆ 12 ಸಹಿ, ಮೂರನೇ ಎರಡೆಂದರೆ 24 ಮತ. ಸಂಸದ, ಶಾಸಕರನ್ನು ಸೇರಿಸಿ 37 ಎಂದು ಹಿಡಿದರೆ 13 ಸಹಿ, 25 ಮತ. ಒಂದೊಂದೇ ವ್ಯತ್ಯಾಸ, ಆದರೆ ನ್ಯಾಯಾಲಯದಲ್ಲಿ ಇಡೀ ನಿರ್ಣಯ ಬೀಳಲು ಅಷ್ಟು ಸಾಕು. ನಡುವೆ ಯಾರಾದರೂ ತೀರಿಕೊಂಡು ವಾರ್ಡ್ ಖಾಲಿಯಿದ್ದರೆ ಲೆಕ್ಕ ಮತ್ತೂ ಜಟಿಲ. ನನ್ನ ಸಲಹೆ: ಯಾವ ರೀತಿ ಎಣಿಸಿದರೂ ಉಳಿಯುವ ದೊಡ್ಡ ಸಂಖ್ಯೆಯನ್ನು ಹಿಡಿದುಕೊಳ್ಳಿ. 12 ಸಹಿ ಸಿಕ್ಕ ಸಂಭ್ರಮದಲ್ಲಿ ನೋಟಿಸ್ ಕೊಡಲು ಓಡುವ ಬದಲು ಇನ್ನೆರಡು ದಿನ ಕಾದು 14 ಸಹಿ ತನ್ನಿ. ಒಬ್ಬರು ಹಿಂದೆ ಸರಿದರೂ ನೋಟಿಸ್ ಬೀಳದೆ ಉಳಿಯುತ್ತದೆ. ಆಯ್ಕೆಯಾದ ಎಷ್ಟು ಕಾಲದವರೆಗೆ ಅವಿಶ್ವಾಸ ಮಂಡಿಸುವಂತಿಲ್ಲ, ಸೋತರೆ ಮತ್ತೆ ಯಾವಾಗ ತರಬಹುದು ಎಂಬ ನಿರ್ಬಂಧಗಳನ್ನೂ ಇತ್ತೀಚಿನ ಪ್ರತಿಯಲ್ಲೇ ಓದಿ. ನೋಟಿಸ್ ತಲುಪಿದ ದಿನಕ್ಕೂ ಸಭೆಯ ದಿನಕ್ಕೂ ನಡುವೆ ಎಷ್ಟು ಪೂರ್ಣ ದಿನಗಳಿವೆ ಎಂದು ಬೆರಳು ಮಡಚಿ ಎಣಿಸಿ. ದಿನಗಳ ಕೊರತೆಯಿಂದ ಬಿದ್ದ ನಿರ್ಣಯಗಳಿಗೆ ಲೆಕ್ಕವಿಲ್ಲ.

ಎಂಟನೆಯ ಹೆಜ್ಜೆ: ವಿಪ್

ಪಕ್ಷದ ಚಿಹ್ನೆಯ ಮೇಲೆ ಗೆದ್ದವರನ್ನು 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ಕಟ್ಟಿಹಾಕುತ್ತದೆ. ಪಕ್ಷದ ನಿರ್ದೇಶನಕ್ಕೆ, ಅಂದರೆ ವಿಪ್‌ಗೆ, ವಿರುದ್ಧವಾಗಿ ಮತ ಹಾಕಿದರೂ, ಹಾಕದೆ ಕುಳಿತರೂ ಸದಸ್ಯತ್ವಕ್ಕೆ ಕುತ್ತು. ಪಕ್ಕದ ಕೊಳ್ಳೇಗಾಲ ನಗರಸಭೆಯಲ್ಲಿ 2020ರ ಅಧ್ಯಕ್ಷ ಚುನಾವಣೆಯಲ್ಲಿ ವಿಪ್ ಮೀರಿದ ಬಿಎಸ್‌ಪಿಯ 7 ಸದಸ್ಯರು ಸ್ಥಾನ ಕಳೆದುಕೊಂಡರು. ದೂರು ನಿಲ್ಲಬೇಕಾದರೆ ವಿಪ್ ಸದಸ್ಯರಿಗೆ ತಲುಪಿದ್ದಕ್ಕೆ ಪುರಾವೆ ಬೇಕು. ಮನೆ ಬಾಗಿಲಿಗೆ ಅಂಟಿಸಿದ್ದೇವೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದೇವೆ ಎಂಬ ವಾದಗಳು ಸುಲಭವಾಗಿ ಅಲ್ಲಾಡುತ್ತವೆ. ಸಹಿ ಪಡೆದ ಪ್ರತಿ ಅಲ್ಲಾಡುವುದಿಲ್ಲ.

ಪಕ್ಷದೊಳಗಿನ ಮುನಿಸು ಬೇರೆ, ಪಕ್ಷಾಂತರ ಬೇರೆ. 2021ರ ಫೆಬ್ರುವರಿಯಲ್ಲಿ ಕಾಂಗ್ರೆಸ್ ಕೊನೆಯ ಗಳಿಗೆಯಲ್ಲಿ ಮೇಯರ್ ಸ್ಥಾನವನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟು ಉಪಮೇಯರ್ ಸ್ಥಾನ ಪಡೆದಾಗ ಆ ಪಕ್ಷದ ದೊಡ್ಡ ನಾಯಕರ ನಡುವೆಯೇ ಬಿರುಕು ಬಿಟ್ಟಿತು. ಅದು ಕೆಪಿಸಿಸಿ ಕಚೇರಿಯಲ್ಲಿ ಬಗೆಹರಿಯಬೇಕಾದ ಜಗಳವಾಗಿತ್ತು. ಚುನಾವಣೆಯ ಸಿಂಧುತ್ವಕ್ಕೆ ಅದರಿಂದ ಏನೂ ಆಗಲಿಲ್ಲ.

ಒಂಬತ್ತನೆಯ ಹೆಜ್ಜೆ: ನ್ಯಾಯಾಲಯ

ಸದಸ್ಯರ ಆಯ್ಕೆಯನ್ನೇ ಪ್ರಶ್ನಿಸುವುದಾದರೆ ಚುನಾವಣಾ ತಕರಾರು ಅರ್ಜಿಯ ದಾರಿ. ಅದರ ಗಡುವು ಬಹಳ ಚಿಕ್ಕದು, ಫಲಿತಾಂಶ ಬಂದ ವಾರದಲ್ಲೇ ವಕೀಲರನ್ನು ಕಾಣಿ. ಮೀಸಲಾತಿ ಅಧಿಸೂಚನೆಯನ್ನು ಪ್ರಶ್ನಿಸುವುದಾದರೆ ಹೈಕೋರ್ಟ್‌ನಲ್ಲಿ ರಿಟ್, ಅದೂ ಚುನಾವಣೆಯ ವೇಳಾಪಟ್ಟಿ ಹೊರಬೀಳುವ ಮೊದಲು. ಪ್ರಕ್ರಿಯೆ ಶುರುವಾದ ಮೇಲೆ ನಡುವೆ ಕೈಹಾಕಲು ಸಂವಿಧಾನದ 243-ಝಡ್‌ಜಿ ವಿಧಿ ನ್ಯಾಯಾಲಯಗಳಿಗೆ ಅಡ್ಡಿಯಾಗಿದೆ. ಅರ್ಜಿ ಹಾಕುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಬೇಕಾದದ್ದು ತೀರ್ಪೋ, ತಡೆಯಾಜ್ಞೆಯೋ? ತಡೆಯಾಜ್ಞೆಗಾಗಿಯೇ ಹಾಕಿದ ಅರ್ಜಿಗಳ ಹೊರೆಯನ್ನು ಹೊತ್ತವರು ಮಂಡ್ಯದ ಜನ.

ಹತ್ತನೆಯ ಹೆಜ್ಜೆ: ಸದನವೇ ಇಲ್ಲದಾಗ

ಐದು ವರ್ಷ ಮುಗಿದು ಹೊಸ ಚುನಾವಣೆ ನಡೆಯದಿದ್ದರೆ ಆಡಳಿತಾಧಿಕಾರಿ ಬರುತ್ತಾರೆ: ಪಾಲಿಕೆಗೆ ಪ್ರಾದೇಶಿಕ ಆಯುಕ್ತರು, ನಗರಸಭೆಗೆ ಜಿಲ್ಲಾಧಿಕಾರಿ. ಸದನದ ಅಧಿಕಾರವೆಲ್ಲ ಅವರ ಸಹಿಗೆ ಇಳಿಯುತ್ತದೆ; ಬಜೆಟ್ ಕೂಡ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು ಸಂವಿಧಾನ ಹೇಳುತ್ತದೆ, ಸುಪ್ರೀಂ ಕೋರ್ಟ್ 2006ರ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಅದನ್ನೇ ಒತ್ತಿ ಹೇಳಿದೆ. ವಾರ್ಡ್ ವಿಂಗಡಣೆ, ಮೀಸಲಾತಿ, ಊರಿನ ಗಡಿ ವಿಸ್ತರಣೆ ಎಂಬ ಮೂರು ಕಾರಣಗಳ ನಡುವೆ ದಿನ ಮಾತ್ರ ಉರುಳುತ್ತಿರುತ್ತದೆ.

ಈ ಕಾಲದಲ್ಲಿ ನಾಗರಿಕರ ಕೈಯಲ್ಲಿರುವುದು ಮಾಹಿತಿ ಹಕ್ಕು. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ‘ಏಕೆ ಚುನಾವಣೆ ನಡೆಸಿಲ್ಲ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ಕಡತದಲ್ಲಿರುವ ಮಾಹಿತಿಯಲ್ಲ. ವಾರ್ಡ್ ವಿಂಗಡಣೆಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ, ಇಲಾಖೆಗೆ ಬರೆದ ಪತ್ರಗಳ ದಿನಾಂಕವಾರು ಪಟ್ಟಿ ಕೊಡಿ ಎಂದು ಕೇಳಿ.

ಅರ್ಜಿ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ಒಮ್ಮೆ ಒಂದು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ನನ್ನ ಅರ್ಜಿ ತೆಗೆದುಕೊಂಡ ಗುಮಾಸ್ತರು ‘ಸಾಹೇಬರು ಬಂದ ಮೇಲೆ ಸೀಲ್ ಹಾಕಿಕೊಡುತ್ತೇನೆ, ನಾಳೆ ಬನ್ನಿ ಸಾರ್’ ಎಂದರು. ನಾಳೆ ಹೋದೆ, ನಾಡಿದ್ದೂ ಹೋದೆ. ನಾಲ್ಕನೆಯ ದಿನ ಸೀಲ್ ಸಿಕ್ಕಿತು, ಅದರಲ್ಲಿದ್ದದ್ದು ನಾಲ್ಕನೆಯ ದಿನದ ತಾರೀಖು. ಈಗ ನಾನು ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸುತ್ತೇನೆ.